ತಾಲ್ಲೂಕು ಆಸ್ಪತ್ರೆ: ಚೀಟಿ ಹಿಡಿದು ಒಳಗೆ, ಚೀಟಿ ಹಿಡಿದೇ ಹೊರಗೆ

ಬೀದರ್, ಕಲಬುರಗಿಯ ಕಡೆ ಅದು ದವಾಖಾನೆ. ಬೆಳಗಾವಿಯಲ್ಲಿ ಕೇಳಿದರೆ ಸಿವಿಲ್ ಆಸ್ಪತ್ರೆ. ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಇನ್ನೂ ಧರ್ಮಾಸ್ಪತ್ರೆ. ಮಂಗಳೂರಿನವರು ಸರ್ಕಾರಿ ಆಸ್ಪತ್ರೆ ಎನ್ನುವ ಬದಲು ಮದ್ರಾಸಿನ ಗವರ್ನರೊಬ್ಬನ ಹೆಸರನ್ನೇ ಹಿಡಿದು ‘ವೆನ್ಲಾಕ್’ ಎಂದುಬಿಡುತ್ತಾರೆ. ನಿಜಾಮರು, ಮುಂಬೈ ಪ್ರಾಂತ್ಯ, ಮೈಸೂರು ಅರಸರು, ಮದ್ರಾಸ್ ಪ್ರಾಂತ್ಯ ಹೀಗೆ ನಾಲ್ಕು ಆಡಳಿತಗಳ ಪಳೆಯುಳಿಕೆ ಈ ನಾಲ್ಕು ಹೆಸರುಗಳಲ್ಲಿದೆ. ಹೆಸರು ಯಾವುದಾದರೇನು, ಬಾಗಿಲೊಳಗೆ ಕಾಲಿಟ್ಟವರಿಗೆ ಹುಟ್ಟುವ ಪ್ರಶ್ನೆ ಒಂದೇ: ಈಗ ಎಲ್ಲಿಗೆ ಹೋಗಬೇಕು?

ಮನೆಯವರ ಜೊತೆ, ಬೀದಿಯವರ ಜೊತೆ, ಕೆಲವೊಮ್ಮೆ ಅಲ್ಲೇ ಪರಿಚಯವಾದವರ ಜೊತೆ ಇಂಥ ಆಸ್ಪತ್ರೆಗಳ ಬೆಂಚಿನ ಮೇಲೆ ಬಹಳ ಹೊತ್ತು ಕಳೆದಿದ್ದೇನೆ. ಕುಳಿತು ಕುಳಿತು ಕಲಿತದ್ದಿಷ್ಟು: ಸರ್ಕಾರಿ ಆಸ್ಪತ್ರೆಯಲ್ಲಿ ಮುಂದೆ ಮುಂದೆ ಹೋಗುವುದು ಚೀಟಿ, ರೋಗಿ ಅದರ ಬೆನ್ನು ಹತ್ತುತ್ತಾನೆ. ಯಾವ ಚೀಟಿ ಎಲ್ಲಿ ಸಿಗುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವುದನ್ನು ಕೈಬಿಡಬಾರದು ಎಂಬುದು ಗೊತ್ತಿದ್ದರೆ ಅರ್ಧ ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಮೊದಲು, ಕಾಯಿಲೆ ಇಲ್ಲದ ದಿನ ಒಮ್ಮೆ ಹೋಗಿ ಬನ್ನಿ

ವಿಚಿತ್ರವೆನಿಸಬಹುದು, ಆದರೆ ಇದೇ ಮೊದಲ ಹೆಜ್ಜೆ. ನಿಮ್ಮೂರಿನ ಆಸ್ಪತ್ರೆಯ ಆವರಣವನ್ನು ಒಂದು ಸುತ್ತು ಹಾಕಿ. ಎಕ್ಸ್‌ರೇ ಕೊಠಡಿ ಒಂದು ಕಟ್ಟಡದಲ್ಲಿ, ಪ್ರಯೋಗಾಲಯ ಇನ್ನೊಂದರಲ್ಲಿ, ಹೆರಿಗೆ ವಾರ್ಡ್ ಮತ್ತೆಲ್ಲೋ ಹಿಂಬದಿಯಲ್ಲಿ ಯಾಕಿದೆ ಎಂದು ಬೇಸರಪಟ್ಟುಕೊಂಡವರಿಗೆ ಉತ್ತರ ಆ ಕಟ್ಟಡಗಳ ವಯಸ್ಸಿನಲ್ಲೇ ಸಿಗುತ್ತದೆ. ಯಾರೂ ಇದನ್ನು ಒಂದೇ ಸಲ ಕೂತು ಯೋಜಿಸಿ ಕಟ್ಟಲಿಲ್ಲ. ಕಾಲಕಾಲಕ್ಕೆ ಬಂದ ಹಣಕ್ಕೆ, ಕಾಲಕಾಲಕ್ಕೆ ಬಂದ ಭಯಕ್ಕೆ ತಕ್ಕಂತೆ ಒಂದೊಂದೇ ಕೋಣೆ ಕೂಡುತ್ತ ಬಂತು.

ರಸ್ತೆಗೆ ಮುಖ ಮಾಡಿದ, ಹೆಂಚಿನ ಮಾಡಿನ, ದಪ್ಪ ಕಂಬಗಳ ಜಗಲಿಯ ಕಟ್ಟಡವೊಂದು ಇನ್ನೂ ಉಳಿದಿದ್ದರೆ ಅದು ಡಿಸ್ಪೆನ್ಸರಿಯ ಕಾಲದ್ದಿರಬಹುದು. ದೊಡ್ಡ ಊರುಗಳಿಗೆ ದೊಡ್ಡ ಆಸ್ಪತ್ರೆಗಳು ಬಂದವು: ಮಂಗಳೂರಿನ ವೆನ್ಲಾಕ್‌ನ ಬೇರು 1848ರಲ್ಲಿದೆ, ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ನುಗ್ಗಿ ಊರನ್ನೇ ಖಾಲಿ ಮಾಡಿಸಿದ ಎರಡು ವರ್ಷಕ್ಕೆ, 1900ರಲ್ಲಿ, ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. ಸಣ್ಣ ಊರಿನ ಪಾಲಿಗೆ ಬಂದದ್ದು ಒಬ್ಬ ವೈದ್ಯ, ಒಬ್ಬ ಕಂಪೌಂಡರ್ ಮತ್ತು ಮಿಕ್ಸ್ಚರ್. ಬಾಟಲಿ ಮನೆಯಿಂದಲೇ ಒಯ್ಯಬೇಕಿತ್ತು. ಗುಲಾಬಿ ಬಣ್ಣದ ಔಷಧಿ ತುಂಬಿಸಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಯ ಪಕ್ಕಕ್ಕೆ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲಿನವರೆಗೆ ಕುಡಿದರೆ ಒಂದು ಹೊತ್ತು. ಓದು ಬಾರದವರಿಗೂ ಅರ್ಥವಾಗುತ್ತಿದ್ದ ಆ ಪಟ್ಟಿಯ ಜಾಣತನ ಇವತ್ತಿನ ಮಾತ್ರೆ ಚೀಟಿಗಳಲ್ಲಿ ಇಲ್ಲ ಎಂಬುದು ನನ್ನ ದೂರು.

ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಹೇಳಲು 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ದೂರದ ಗುರಿಯಾಗಿ ಅದು ಕೇಳಿದ್ದು ಹತ್ತರಿಂದ ಇಪ್ಪತ್ತು ಸಾವಿರ ಜನರಿಗೆ 75 ಹಾಸಿಗೆಗಳ ಒಂದು ಆಸ್ಪತ್ರೆ. ಆ ಗುರಿಯ ಹತ್ತಿರಕ್ಕೂ ನಾವು ಬರಲಿಲ್ಲ. ಆದರೆ ‘ಪ್ರಾಥಮಿಕ ಆರೋಗ್ಯ ಕೇಂದ್ರ’ ಎಂಬ ಕಲ್ಪನೆ ಅಲ್ಲಿಂದ ಉಳಿದು, 1952ರ ಗಾಂಧಿ ಜಯಂತಿಯಂದು ಶುರುವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಹಳ್ಳಿಗಳಿಗೆ ಇಳಿಯಿತು. ಆವರಣದ ಮಧ್ಯದಲ್ಲಿ ಕಾಣುವ ಚಪ್ಪಟೆ ತಾರಸಿಯ ಕಟ್ಟಡಗಳು ಆಮೇಲಿನ ದಶಕಗಳವು. ತಾಯಿ–ಮಕ್ಕಳ ವಿಭಾಗ ಉಳಿದವಕ್ಕಿಂತ ಹೊಸದಾಗಿ, ದೊಡ್ಡದಾಗಿ ಇದ್ದರೆ 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರದ ಹಣವನ್ನು ನೆನೆಯಿರಿ. ಹಿಂದೆ ಬೇಲಿ ಹಾಕಿದ ಆಮ್ಲಜನಕ ಘಟಕ ಕೋವಿಡ್ ಬಿಟ್ಟು ಹೋದ ಆಸ್ತಿ.

ಸುತ್ತು ಹಾಕುವಾಗ ಮೂರು ವಿಷಯ ನೋಡಿಟ್ಟುಕೊಳ್ಳಿ. ರಾತ್ರಿ ಯಾವ ಗೇಟು ತೆರೆದಿರುತ್ತದೆ? ತುರ್ತು ಚಿಕಿತ್ಸೆಯ ಕೊಠಡಿಗೆ ಗಾಲಿಕುರ್ಚಿ ಹೋಗುವ ಇಳಿಜಾರು ಯಾವ ಬದಿಗಿದೆ? ಗೋಡೆಯ ಫಲಕದಲ್ಲಿ ಯಾವ ತಜ್ಞರು ಯಾವ ದಿನ ಎಂದು ಬರೆದಿದೆ? ಫಲಕದ ಫೋಟೊ ತೆಗೆದುಕೊಳ್ಳಿ. ಮೂಳೆ ವೈದ್ಯರು ವಾರಕ್ಕೆರಡು ದಿನ ಮಾತ್ರ ಬರುವ ಊರಿನಲ್ಲಿ ಮಂಡಿ ನೋವಿನ ಅಜ್ಜಿಯನ್ನು ಮೂರನೆಯ ದಿನ ಕರೆದುಕೊಂಡು ಹೋಗುವುದಕ್ಕಿಂತ ದೊಡ್ಡ ಪಾಪ ಇಲ್ಲ.

ಯಾವುದಕ್ಕೆ ಯಾವ ಮೆಟ್ಟಿಲು

ಎಲ್ಲದಕ್ಕೂ ತಾಲ್ಲೂಕು ಆಸ್ಪತ್ರೆಗೇ ಓಡಬೇಕಾಗಿಲ್ಲ. ಬಯಲು ಸೀಮೆಯ ಲೆಕ್ಕದಲ್ಲಿ ಐದು ಸಾವಿರ ಜನರಿಗೊಂದು ಉಪಕೇಂದ್ರ, ಮೂವತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಸುಮಾರು 1.2 ಲಕ್ಷಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಗುಡ್ಡಗಾಡಿನಲ್ಲಿ ಈ ಸಂಖ್ಯೆಗಳು ಕಡಿಮೆ: ಮೂರು ಸಾವಿರ, ಇಪ್ಪತ್ತು ಸಾವಿರ, ಎಂಬತ್ತು ಸಾವಿರ. ಸಮುದಾಯ ಆರೋಗ್ಯ ಕೇಂದ್ರವೆಂದರೆ 30 ಹಾಸಿಗೆ. ಶಸ್ತ್ರಚಿಕಿತ್ಸೆ, ಸಾಮಾನ್ಯ ವೈದ್ಯ, ಸ್ತ್ರೀರೋಗ, ಮಕ್ಕಳು ಈ ನಾಲ್ಕು ವಿಭಾಗಗಳ ತಜ್ಞರು ಇರಬೇಕಾದ ಜಾಗ. ‘ಇರಬೇಕಾದ’ ಎಂಬ ಮಾತನ್ನು ಒತ್ತಿ ಓದಿ. ತಾಲ್ಲೂಕು ಆಸ್ಪತ್ರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಜಿಲ್ಲಾ ಆಸ್ಪತ್ರೆಗೆ ಒಂದು ಮೆಟ್ಟಿಲು ಕೆಳಗೆ.

ಮಗುವಿನ ಲಸಿಕೆ, ರಕ್ತದೊತ್ತಡ–ಸಕ್ಕರೆಯ ತಿಂಗಳ ಮಾತ್ರೆ, ಕೆಮ್ಮು ನೆಗಡಿ, ಗಾಯದ ಡ್ರೆಸ್ಸಿಂಗ್ ಇವಕ್ಕೆ ಮನೆ ಹತ್ತಿರದ ಪ್ರಾಥಮಿಕ ಕೇಂದ್ರ ಸಾಕು. ಸಾಲು ಚಿಕ್ಕದು, ವೈದ್ಯರಿಗೆ ನಿಮ್ಮ ಮುಖವೂ ನೆನಪಿರುತ್ತದೆ. ಸ್ಕ್ಯಾನಿಂಗ್, ಎಕ್ಸ್‌ರೇ, ಸಿಸೇರಿಯನ್, ತಜ್ಞರ ಸಲಹೆ, ಒಳರೋಗಿಯಾಗಿ ಉಳಿಯುವ ಅಗತ್ಯ ಇವಿದ್ದರೆ ತಾಲ್ಲೂಕು ಆಸ್ಪತ್ರೆ. ಗೊಂದಲವಿದ್ದರೆ 104ಕ್ಕೆ ಕರೆ ಮಾಡಿ ಕೇಳಬಹುದು. ಅದು ಆರೋಗ್ಯ ಸಹಾಯವಾಣಿ. ಆಂಬುಲೆನ್ಸ್ ಬೇಕಾದರೆ 108. ಎರಡನ್ನೂ ಒಂದೇ ಎಂದು ತಿಳಿದು 104ರಲ್ಲಿ ಆಂಬುಲೆನ್ಸಿಗೆ ಕಾಯುತ್ತ ಕುಳಿತವರನ್ನು ಕಂಡಿದ್ದೇನೆ.

ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಮೊಬೈಲ್ ಸಂಖ್ಯೆ ನಿಮ್ಮ ಬಳಿ ಇಲ್ಲದಿದ್ದರೆ ಇವತ್ತೇ ಪಡೆದುಕೊಳ್ಳಿ. ಯಾವ ವೈದ್ಯರು ರಜೆಯಲ್ಲಿದ್ದಾರೆ, ಸ್ಕ್ಯಾನಿಂಗ್ ಯಂತ್ರ ಕೆಟ್ಟಿದೆಯೇ, ಹೆರಿಗೆ ವಾರ್ಡಿನಲ್ಲಿ ಹಾಸಿಗೆ ಇದೆಯೇ ಎಂಬ ಸುದ್ದಿ ಫಲಕಕ್ಕಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಹೊರರೋಗಿ ವಿಭಾಗದ ದಾರಿ

ಚೀಟಿ ಕೌಂಟರ್ ತೆರೆಯುವ ಹೊತ್ತಿಗೆ ಅಲ್ಲಿರಿ. ಆಧಾರ್ ಮತ್ತು ಪಡಿತರ ಚೀಟಿಯ ನಕಲು ಕೈಯಲ್ಲಿರಲಿ. ಕೆಲವು ಆಸ್ಪತ್ರೆಗಳಲ್ಲಿ ಕೌಂಟರಿನ ಪಕ್ಕ ಕ್ಯೂಆರ್ ಸಂಕೇತದ ಕಾಗದ ಅಂಟಿಸಿರುತ್ತಾರೆ. 14 ಅಂಕಿಗಳ ಆಭಾ ಸಂಖ್ಯೆ (ಆರೋಗ್ಯ ದಾಖಲೆಗಳ ಡಿಜಿಟಲ್ ಖಾತೆಯ ಸಂಖ್ಯೆ) ಮಾಡಿಸಿಕೊಂಡವರು ಮೊಬೈಲಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಟೋಕನ್ ಬರುತ್ತದೆ, ಉದ್ದದ ಸಾಲು ತಪ್ಪುತ್ತದೆ.

ಚೀಟಿ ಕೈಗೆ ಬಂದ ಕೂಡಲೇ ಹೆಸರು, ವಯಸ್ಸು ಸರಿಯಾಗಿದೆಯೇ ನೋಡಿ. ‘ಲಕ್ಷ್ಮಮ್ಮ’ ಆಧಾರಿನಲ್ಲಿ ‘ಲಕ್ಷ್ಮೀದೇವಮ್ಮ’ ಆಗಿದ್ದರೆ ಚೀಟಿಯಲ್ಲೂ ಲಕ್ಷ್ಮೀದೇವಮ್ಮನೇ ಆಗಿರಲಿ. ಈ ಕ್ಷಣಕ್ಕೆ ಇದು ಹುಚ್ಚು ಎನಿಸುತ್ತದೆ. ಮುಂದೆ ಯೋಜನೆಯ ನೆರವು ಕೇಳುವಾಗ, ಪ್ರಮಾಣಪತ್ರ ಮಾಡಿಸುವಾಗ ಆ ಒಂದು ಅಕ್ಷರಕ್ಕಾಗಿ ಮೂರು ಸಲ ತಿರುಗಿಸುತ್ತಾರೆ.

ವೈದ್ಯರ ಕೊಠಡಿಯಲ್ಲಿ ನಿಮಗೆ ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಮೂರು ಮಾತು ಸ್ಪಷ್ಟವಾಗಿ ಹೇಳಿ: ಏನಾಗುತ್ತಿದೆ, ಎಷ್ಟು ದಿನದಿಂದ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ‘ಬಿಳಿ ಮಾತ್ರೆ ಒಂದು, ಹಳದಿ ಅರ್ಧ’ ಎಂದರೆ ಯಾವ ವೈದ್ಯರಿಗೂ ಅರ್ಥವಾಗುವುದಿಲ್ಲ. ಖಾಲಿಯಾದ ಮಾತ್ರೆಪಟ್ಟಿಯನ್ನೇ ತೆಗೆದುಕೊಂಡು ಹೋಗಿ. ರಕ್ತಪರೀಕ್ಷೆ ಬರೆದುಕೊಟ್ಟರೆ ಊಟ ಮಾಡಿ ಬರಬೇಕೋ ಖಾಲಿ ಹೊಟ್ಟೆಯಲ್ಲೋ ಎಂದು ಅಲ್ಲೇ ಕೇಳಿ. ಹೊರಗೆ ಬಂದ ಮೇಲೆ ಕೇಳಲು ಮತ್ತೆ ಸಾಲು ನಿಲ್ಲಬೇಕು.

ಔಷಧಿ ಕೌಂಟರಿನಲ್ಲಿ ಎಲ್ಲ ಮಾತ್ರೆಯೂ ಸಿಗದೆ ‘ಇದು ಹೊರಗೆ ತಗೊಳ್ಳಿ’ ಎಂದರೆ ಎದೆಗುಂದಬೇಡಿ, ಜಗಳಕ್ಕೂ ಇಳಿಯಬೇಡಿ. ಚೀಟಿ ಹಿಡಿದು ವೈದ್ಯರ ಬಳಿ ಹಿಂದಿರುಗಿ, ‘ಸರ್, ಇದರ ಬದಲು ಇಲ್ಲಿ ದಾಸ್ತಾನಿರುವುದು ಯಾವುದಾದರೂ ಆಗುತ್ತದೆಯೇ?’ ಎಂದು ಕೇಳಿ. ಬಹಳ ಸಲ ಆಗುತ್ತದೆ. ಆಗದಿದ್ದರೆ ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಅಂಗಡಿಗೆ ಹೋಗಿ.

ತುರ್ತಿನಲ್ಲಿ ಚೀಟಿ ಆಮೇಲೆ

ಮೇಲಿನ ನಿಯಮಕ್ಕೆ ಇದೊಂದೇ ಅಪವಾದ. ಅಪಘಾತವಾದವರನ್ನು ಕರೆತಂದಾಗ ಮೊದಲು ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯ, ಪೊಲೀಸ್ ವಿಧಿಗಳೆಲ್ಲ ನಂತರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಗೂ ಇದು ಅನ್ವಯ. ಗಾಯಾಳುವನ್ನು ಕರೆತಂದವರ ಮೇಲೆ ಹೊಣೆ ಹೊರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲೇ ಈ ರಕ್ಷಣೆ ಇದೆ, ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ. ಗಾಯಾಳುವಿನ ಕಡೆಯವರು ಮಾತ್ರ ಒಂದು ಕೆಲಸ ಮರೆಯಬಾರದು. ಅಪಘಾತ, ಹೊಡೆದಾಟ, ಸುಟ್ಟ ಗಾಯ, ವಿಷ ಸೇವನೆಯ ಪ್ರಕರಣಗಳನ್ನು ಆಸ್ಪತ್ರೆಯವರು ‘ಎಂಎಲ್‌ಸಿ’, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ–ಕಾನೂನು ಪ್ರಕರಣ ಎಂದು ದಾಖಲಿಸುತ್ತಾರೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ವಿಮೆಗೂ ನ್ಯಾಯಾಲಯಕ್ಕೂ ಅದೇ ದಾರದ ತುದಿ.

*ನಾಯಿ ಕಡಿದಾಗ.* ಆಸ್ಪತ್ರೆಗೆ ಹೊರಡುವ ಮೊದಲು ನಲ್ಲಿಯ ಕೆಳಗೆ ಸೋಪು ಹಚ್ಚಿ ಪೂರ್ತಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹದಿನೈದು ನಿಮಿಷ ಅಂದುಕೊಂಡದ್ದಕ್ಕಿಂತ ಬಹಳ ಉದ್ದ. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಚುಚ್ಚುಮದ್ದು ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7, 28ನೇ ದಿನಗಳಂದು. ಜನ ತಪ್ಪುವುದು 28ರಲ್ಲಿ. ಗಾಯ ಒಣಗಿರುತ್ತದೆ, ನಾಯಿ ಬೀದಿಯಲ್ಲಿ ಆರಾಮವಾಗಿ ಓಡಾಡುತ್ತಿರುತ್ತದೆ, ಮತ್ಯಾಕೆ ಸೂಜಿ ಎನಿಸುತ್ತದೆ. ಹಾಗೆಂದು ಬಿಡಬೇಡಿ, ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕೂ ದಿನಗಳಿಗೆ ಮೊದಲ ದಿನವೇ ಸುತ್ತು ಹಾಕಿ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತಲೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯ) ಕೂಡ ಬೇಕಾಗುತ್ತದೆ. ‘ಇಲ್ಲಿ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಹೋಗಲಿ?’ ಎಂದು ನೀವೇ ಕೇಳಿ.

*ಹಾವು ಕಚ್ಚಿದಾಗ.* ಕಟ್ಟು ಹಾಕಬೇಡಿ, ಕುಯ್ಯಬೇಡಿ, ಹೀರಬೇಡಿ, ಮಂತ್ರದವರ ಮನೆ ಬಾಗಿಲು ತಟ್ಟಬೇಡಿ. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಹಲಗೆಗೋ ಕೋಲಿಗೋ ಸಡಿಲವಾಗಿ ಆನಿಸಿ, ಉಂಗುರ ಬಳೆ ತೆಗೆದು, ನಡೆಸದೆ ಎತ್ತಿಕೊಂಡು ಹೊರಡಿ. ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸವೂ ಬೇಡ: ಇಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ.

ಒಂದು ರಾತ್ರಿ ಗದ್ದೆಯಿಂದ ನೇರ ಬಂದ ಒಬ್ಬ ಹುಡುಗನ ಪಕ್ಕ ನಿಂತು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶುಶ್ರೂಷಕಿ ಅವನ ರಕ್ತವನ್ನು ಒಣಗಿದ ಸಣ್ಣ ಗಾಜಿನ ನಳಿಕೆಗೆ ತೆಗೆದು, ಮೇಜಿನ ಮೇಲೆ ನಿಲ್ಲಿಸಿ, ಯಾರೂ ಮುಟ್ಟಬೇಡಿ ಎಂದು ಗದರಿ ಹೋದರು. ನಾವೆಲ್ಲ ಆ ನಳಿಕೆಯನ್ನೇ ನೋಡುತ್ತ ಕುಳಿತೆವು. ಇಪ್ಪತ್ತು ನಿಮಿಷಕ್ಕೆ ಬಂದು ಮೆಲ್ಲಗೆ ವಾಲಿಸಿದರು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಗಾಜಿನ ಗೋಡೆಯಲ್ಲಿ ಜಾರಿತು. ‘ಮಂಡಲದ್ದು’ ಎಂದವರೇ ಪ್ರತಿವಿಷದ ಸೀಸೆಗಳನ್ನು ಒಡೆಯತೊಡಗಿದರು. ದುಬಾರಿ ಯಂತ್ರ ಯಾವುದೂ ಬೇಡದ ಈ ಪರೀಕ್ಷೆ ನಡೆಯುತ್ತಿರುವಾಗ ‘ಯಾರೂ ಏನೂ ಮಾಡುತ್ತಿಲ್ಲ’ ಎಂದು ಕೂಗಾಡಿ ರೋಗಿಯನ್ನು ಎತ್ತಿಕೊಂಡು ಹೋಗುವವರಿದ್ದಾರೆ. ಹೋಗಬೇಡಿ. ಕಟ್ಟುಹಾವಿನ ಕಚ್ಚುವಿಕೆಯಲ್ಲಂತೂ ನೋವು, ಊತ ಏನೂ ಕಾಣದೆಯೇ ಇರಬಹುದು, ನಿದ್ದೆಯಲ್ಲಿದ್ದವರಿಗೆ ಕಚ್ಚಿದ್ದೇ ತಿಳಿಯದಿರಬಹುದು. ರೆಪ್ಪೆ ತಾನಾಗಿ ಇಳಿಬೀಳತೊಡಗಿದರೆ ಕೂಡಲೇ ಹೇಳಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ಹಾಗಾಗಿ ನಿಮ್ಮದು ದಾಖಲಾಗಿದೆಯೇ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಹೆರಿಗೆ

ಸಣ್ಣ ಊರಿನ ಆಸ್ಪತ್ರೆ ಅತಿ ಚೆನ್ನಾಗಿ ಮಾಡುವ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ. ರಾತ್ರಿ ಮೂರು ಗಂಟೆಗೂ ದೀಪ ಉರಿಯುತ್ತಿರುವ ಕಿಟಕಿ ಅದೊಂದೇ.

ಮುಟ್ಟು ತಪ್ಪಿದ್ದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ಬರೆಸಿ, ತಾಯಿ ಕಾರ್ಡ್ ಪಡೆಯಿರಿ. ಪ್ರತಿ ತಪಾಸಣೆಯಲ್ಲೂ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಅದರಲ್ಲಿ ಬರೆಸಿಕೊಳ್ಳಿ. ಖಾಸಗಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದರೂ ವರದಿಯನ್ನು ಅದೇ ಕಾರ್ಡಿನೊಳಗೆ ಇಡಿ. ನೋವು ಬಂದಾಗ ಬರುವ ವೈದ್ಯರು ನಿಮ್ಮನ್ನು ಮೊದಲ ಸಲ ನೋಡುತ್ತಿರಬಹುದು. ಒಂಬತ್ತು ತಿಂಗಳ ಕಥೆಯನ್ನು ಅವರಿಗೆ ಹೇಳುವುದು ಆ ಕಾರ್ಡು.

ಎಂಟನೆಯ ತಿಂಗಳಿನಲ್ಲೇ ಎರಡು ಪ್ರಶ್ನೆ ಕೇಳಿಟ್ಟುಕೊಳ್ಳಿ. ಇಲ್ಲಿ ಸಿಸೇರಿಯನ್ ಮಾಡಲು ಅರಿವಳಿಕೆ ವೈದ್ಯರು ರಾತ್ರಿಯೂ ಸಿಗುತ್ತಾರೆಯೇ? ರಕ್ತ ಸಂಗ್ರಹ ಘಟಕ ಇದೆಯೇ? ಎರಡಕ್ಕೂ ‘ಇಲ್ಲ’ ಎಂದಾದರೆ, ಅದರಲ್ಲೂ ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ರಕ್ತದೊತ್ತಡವಿದ್ದರೆ, ರಕ್ತ ಕಡಿಮೆಯಿದ್ದರೆ, ಜಿಲ್ಲಾ ಆಸ್ಪತ್ರೆಯ ಮಾತನ್ನು ಮೊದಲೇ ಆಡಿಕೊಳ್ಳುವುದು ಒಳಿತು.

ಹಣದ ವಿಷಯ ಸ್ಪಷ್ಟವಾಗಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಕೂಡ. ಔಷಧಿ, ಪರೀಕ್ಷೆ, ರಕ್ತ, ಸಹಜ ಹೆರಿಗೆಯಾದರೆ ಮೂರು ದಿನ ಮತ್ತು ಸಿಸೇರಿಯನ್ ಆದರೆ ಏಳು ದಿನದ ಊಟ, ಮನೆಯಿಂದ ಆಸ್ಪತ್ರೆಗೆ, ಬೇರೆ ಆಸ್ಪತ್ರೆಗೆ ಕಳಿಸಿದರೆ ಅಲ್ಲಿಗೆ, ಕೊನೆಗೆ ಮನೆಗೆ ವಾಹನ ಎಲ್ಲವೂ ಅದರಲ್ಲಿ ಸೇರಿದೆ. ಮಗು ಹುಟ್ಟಿದ ಖುಷಿಗೆ ಕೇಳುವ ‘ಖುಷಿಯ ದುಡ್ಡು’ ಯಾವ ಯೋಜನೆಯಲ್ಲೂ ಇಲ್ಲ. ಗಂಡಿಗೆ ಇಷ್ಟು, ಹೆಣ್ಣಿಗೆ ಇಷ್ಟು ಎಂದು ದರ ನಿಗದಿಯಾಗಿದ್ದ ವಾರ್ಡೊಂದನ್ನು ನಾನು ಕಂಡಿದ್ದೇನೆ. ಹೆಣ್ಣಿಗೆ ಕಡಿಮೆ ದರ ಎಂಬುದನ್ನು ರಿಯಾಯಿತಿಯಂತೆ ಹೇಳಿದಾಗ ಆ ಬಾಣಂತಿಯ ಅಮ್ಮ, ‘ಹಾಗಾದರೆ ನನ್ನ ಮೊಮ್ಮಗಳಿಗೇ ಅವಮಾನ ಮಾಡಿದಿರಿ, ಒಂದು ಪೈಸೆಯನ್ನೂ ಕೊಡುವುದಿಲ್ಲ’ ಎಂದು ಹೇಳಿ ಎದ್ದೇಬಿಟ್ಟರು. ಕೊಡಲೂ ಇಲ್ಲ.

ವಾರ್ಡಿನಿಂದ ಹೊರಡುವ ಮುನ್ನ ಜನನ ನೋಂದಣಿ. 21 ದಿನದೊಳಗೆ ಆದರೆ ಶುಲ್ಕವಿಲ್ಲ, ಪ್ರಮಾಣಪತ್ರದ ಮೊದಲ ಪ್ರತಿಯೂ ಉಚಿತ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮಾಹಿತಿ ಕೊಡುವುದು ಆಸ್ಪತ್ರೆಯದೇ ಹೊಣೆ. ನಿಮ್ಮ ಹೊಣೆ ಅಪ್ಪ ಅಮ್ಮನ ಹೆಸರಿನ ಅಕ್ಷರಗಳನ್ನು ಆಧಾರ್ ಹಿಡಿದು ಒಂದೊಂದಾಗಿ ತಾಳೆ ನೋಡುವುದು. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲವೆಂದು ನೋಂದಣಿ ತಡಮಾಡಬೇಡಿ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನಾಂಕದ ಪುರಾವೆ ಈ ಕಾಗದವೇ.

‘ರೆಫರ್’ ಎಂದರೆ

‘ಇಲ್ಲಿ ಆಗುವುದಿಲ್ಲ, ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ’ ಎಂಬ ಮಾತು ಕೇಳಿದಾಗ ಕೈಕಾಲು ಆಡುವುದಿಲ್ಲ, ನಿಜ. ಆದರೆ ಇಡೀ ಪ್ರಕ್ರಿಯೆಯಲ್ಲಿ ಅತಿ ಬೆಲೆಬಾಳುವ ಚೀಟಿ ಹುಟ್ಟುವುದು ಆ ಹತ್ತು ನಿಮಿಷದಲ್ಲೇ.

ನನಗಾದದ್ದನ್ನೇ ಹೇಳುತ್ತೇನೆ. ನಮ್ಮ ಚಿಕ್ಕಪ್ಪನಿಗೆ ಎದೆನೋವು ಬಂದಾಗ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಒಂದು ಇಂಜೆಕ್ಷನ್ ಕೊಟ್ಟು, ಮುಂದಕ್ಕೆ ಕಳಿಸಿದರು. ಗಾಬರಿಯಲ್ಲಿ ಇಸಿಜಿಯ ಕಾಗದವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ. ಒಂದೂವರೆ ಗಂಟೆಯ ದಾರಿ ಸವೆಸಿ ತಲುಪಿದಾಗ ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಯಾವ ಇಂಜೆಕ್ಷನ್ ಕೊಟ್ಟರು, ಎಷ್ಟು ಗಂಟೆಗೆ?’ ನನಗೆ ಗೊತ್ತಿರಲಿಲ್ಲ. ಆಂಬುಲೆನ್ಸಿನ ಹುಡುಗನಿಗೂ ಗೊತ್ತಿರಲಿಲ್ಲ. ಫೋನು ಮಾಡಿದರೆ ಅಲ್ಲಿ ಪಾಳಿ ಬದಲಾಗಿತ್ತು. ಎಲ್ಲವನ್ನೂ ಮೊದಲಿನಿಂದ ಶುರುಮಾಡಿದರು. ಚಿಕ್ಕಪ್ಪ ಉಳಿದರು; ನನ್ನನ್ನು ಮಾತ್ರ ಇವತ್ತಿಗೂ ‘ಇಸಿಜಿ’ ಎಂದೇ ಕರೆಯುತ್ತಾರೆ.

ಆದ್ದರಿಂದ ಹೊರಡುವ ಮುನ್ನ ಕೇಳಿ ಪಡೆಯಬೇಕಾದದ್ದು: ಮುದ್ರೆ ಮತ್ತು ಸಹಿ ಇರುವ ರೆಫರಲ್ ಚೀಟಿ, ಅದರಲ್ಲಿ ರೋಗ ಏನೆಂಬ ಅಂದಾಜು, ಕೊಟ್ಟ ಔಷಧಿ ಮತ್ತು ಕೊಟ್ಟ ಗಂಟೆ, ಇಸಿಜಿ, ಎಕ್ಸ್‌ರೇ, ರಕ್ತಪರೀಕ್ಷೆಯ ವರದಿಗಳು. ‘ಅಲ್ಲಿಗೆ ಒಂದು ಫೋನು ಮಾಡಿ ಹೇಳಬಹುದೇ, ಹಾಸಿಗೆ ಇದೆಯೇ ಕೇಳಬಹುದೇ?’ ಎಂದು ವಿನಂತಿಸಿ. ಎಲ್ಲರೂ ಮಾಡುವುದಿಲ್ಲ, ಕೇಳಿದರೆ ಕೆಲವರು ಮಾಡುತ್ತಾರೆ.

ಈ ಚೀಟಿಯ ಎರಡನೆಯ ಉಪಯೋಗ ಹಣದ್ದು. ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಪಟ್ಟಿ ಮಾಡಿದ ತುರ್ತು ಪ್ರಕರಣಗಳಿಗೆ ಮಾತ್ರ ವಿನಾಯಿತಿ. ನೇರ ಖಾಸಗಿಗೆ ಹೋಗಿ ಸೇರಿಕೊಂಡು, ಮೂರನೆಯ ದಿನ ಬಿಲ್ಲು ನೋಡಿ ರೆಫರಲ್ ಚೀಟಿಗಾಗಿ ತಾಲ್ಲೂಕು ಆಸ್ಪತ್ರೆಗೆ ಓಡಿಬರುವವರಿಗೆ ಯಾರೂ ಏನೂ ಮಾಡಲಾಗುವುದಿಲ್ಲ. ಮೊದಲು ಇಲ್ಲಿ, ಆಮೇಲೆ ಅಲ್ಲಿ.

ಫಲಕದಲ್ಲಿ ಕಂಡೂ ಕಾಣದ ಸೇವೆಗಳು

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಉಚಿತ. ಕ್ಷಯ ಎಂದು ಖಚಿತವಾದರೆ ಔಷಧಿಯೂ ಉಚಿತ, ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ ಸಾವಿರ ರೂಪಾಯಿ ಬ್ಯಾಂಕ್ ಖಾತೆಗೆ. 2024ರ ನವೆಂಬರಿಗೆ ಮೊದಲು ಇದು ಐನೂರಿತ್ತು. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಇದೆ. ವಾರಕ್ಕೆ ಎರಡು ಮೂರು ಸಲ ನಗರಕ್ಕೆ ಅಲೆಯುವವರು ತಮ್ಮೂರಿನಲ್ಲೇ ಸರದಿ ಪಟ್ಟಿಗೆ ಹೆಸರು ಬರೆಸಬಹುದು. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ತಪಾಸಣೆ. ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಐಸಿಟಿಸಿ ಎಂಬ ಫಲಕದ ಕೊಠಡಿಯಲ್ಲಿ ಗುಟ್ಟಾಗಿ, ಉಚಿತವಾಗಿ. ಲೈಂಗಿಕ ದೌರ್ಜನ್ಯ ಅಥವಾ ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕು ಎಂಬುದು ಕಾನೂನು.

ಕೆಲಸ ಕೆಟ್ಟಾಗ

ಜಗಳದಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ಎದುರಿಗಿರುವ ಶುಶ್ರೂಷಕಿ ಬಹುಶಃ ಎರಡು ವಾರ್ಡುಗಳನ್ನು ಒಬ್ಬರೇ ನೋಡುತ್ತಿರುತ್ತಾರೆ, ಅವರ ಮೇಲೆ ಕೂಗಾಡಿ ಫಲವಿಲ್ಲ. ನೇರ ಆಡಳಿತ ವೈದ್ಯಾಧಿಕಾರಿಯ ಕೊಠಡಿಗೆ ಹೋಗಿ. ದಿನಾಂಕ, ಗಂಟೆ, ಚೀಟಿ ಸಂಖ್ಯೆ, ಏನಾಯಿತು, ಏನಾಗಬೇಕು ಇಷ್ಟನ್ನೇ ಅರ್ಧ ಪುಟದಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿ ಕೆಲಸ ಆಗದಿದ್ದರೆ ಆ ನಕಲನ್ನು ಜಿಲ್ಲಾ ಮಟ್ಟದ ಅಧಿಕಾರಿಗಳಿಗೆ ಕಳಿಸಿ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ಕೆಟ್ಟ ಶೌಚಾಲಯ, ಕುಡಿಯುವ ನೀರು, ಒಡೆದ ಬೆಂಚಿನಂಥ ವಿಷಯಗಳಿಗೆ ಅದೇ ಸರಿಯಾದ ಜಾಗ. ಸದಸ್ಯರು ಯಾರೆಂದು ಕೇಳಿ ತಿಳಿದುಕೊಳ್ಳಿ.

ನಿಮ್ಮ ಚಿಕಿತ್ಸೆಯ ದಾಖಲೆ ಬೇಕಾದರೆ ಬರೆದು ಕೇಳಿ. ವೈದ್ಯರ ವೃತ್ತಿ ನಿಯಮಾವಳಿಯ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಔಷಧಿ ದಾಸ್ತಾನು, ಮಂಜೂರಾದ ಹುದ್ದೆಗಳು, ಖಾಲಿ ಹುದ್ದೆಗಳು, ಸಮಿತಿಯ ಖರ್ಚು ಇವನ್ನು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಿಂದ 30 ದಿನದಲ್ಲಿ ಪಡೆಯಬಹುದು. ‘ಅರಿವಳಿಕೆ ತಜ್ಞರ ಹುದ್ದೆ ಎಂದಿನಿಂದ ಖಾಲಿ?’ ಎಂಬ ಒಂದು ಸಾಲಿನ ಪ್ರಶ್ನೆ ನೂರು ಜನರ ಗೊಣಗಾಟಕ್ಕಿಂತ ದೂರ ಹೋಗುತ್ತದೆ.

ಬಾಗಿಲ ಹಿಂದಿನ ಚೀಲ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಬೆಂಕಿಪೊಟ್ಟಣದಷ್ಟಕ್ಕೆ ಮಡಿಸಿದ್ದ ಕಾಗದವೊಂದನ್ನು ತೆಗೆದರು. ಮಡಿಕೆಗಳಲ್ಲಿ ಸವೆದು ಅದು ನಾಲ್ಕು ತುಂಡಾಗಿತ್ತು. ತುಂಡುಗಳನ್ನು ತೊಡೆಯ ಮೇಲೆ ಜೋಡಿಸಿ, ‘ಡಾಕ್ಟ್ರು ಇದನ್ನು ಕಳಿಬೇಡ ಅಂದಿದ್ದಾರಪ್ಪ’ ಎಂದರು. ಕಳೆದಿರಲಿಲ್ಲ, ಆದರೆ ಮಾತ್ರೆಯ ಹೆಸರಿದ್ದ ಜಾಗದಲ್ಲೇ ತೂತಾಗಿತ್ತು.

ಮನೆಗೊಂದು ಪ್ಲಾಸ್ಟಿಕ್ ಫೈಲು ಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಪದರ. ಹಳೆಯದು ಕೆಳಗೆ, ಹೊಸದು ಮೇಲೆ. ಆಧಾರ್ ಮತ್ತು ಪಡಿತರ ಚೀಟಿಯ ಎರಡೆರಡು ನಕಲು, ಆಭಾ ಸಂಖ್ಯೆ ಬರೆದ ಕಾಗದ, ಯಾವ ಔಷಧಿ ಒಗ್ಗುವುದಿಲ್ಲ ಎಂಬ ಒಂದು ಸಾಲು, ರಕ್ತದ ಗುಂಪು, ಆಶಾ ಕಾರ್ಯಕರ್ತೆಯ ಸಂಖ್ಯೆ. ಎಕ್ಸ್‌ರೇಯನ್ನು ಮಡಿಸಬಾರದು, ಅದನ್ನು ಬೇರೆ ಚೀಲದಲ್ಲಿ ನೇತುಹಾಕಿ. ಎಲ್ಲ ಚೀಟಿಗಳ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಚೀಲಕ್ಕೆ ಒಂದು ಟವೆಲ್, ಒಂದು ನೀರಿನ ಬಾಟಲಿ, ಸ್ವಲ್ಪ ಚಿಲ್ಲರೆ.

ಕೊನೆಗೆ ಒಂದು ಪೆನ್ನು. ಚೀಟಿ ಕೌಂಟರಿನ ಪೆನ್ನಿಗೆ ದಾರ ಕಟ್ಟಿರುತ್ತಾರೆ, ಆದರೆ ಅದರಲ್ಲಿ ಇಂಕು ಇದ್ದದ್ದನ್ನು ನಾನಂತೂ ಕಂಡಿಲ್ಲ.